ಗುಂಪು ತಂಡವಾಗುವುದು ಹೇಗೆ?

ಕಾಲೇಜು ವಿದ್ಯಾರ್ಥಿಗಳು ಪರೀಕ್ಷೆಯನ್ನು ಒಬ್ಬೊಬ್ಬರೇ ಬರೆಯುತ್ತಾರೆ. ಪ್ರಾಜೆಕ್ಟ್, ಕ್ಷೇತ್ರಕಾರ್ಯ, ಎನ್ನೆಸ್ಸೆಸ್ ಶಿಬಿರ, ಹ್ಯಾಕಥಾನ್‌ಗಳನ್ನು ಮಾತ್ರ ಕೂಡಿ ಮಾಡಬೇಕು. ಪರೀಕ್ಷೆಗೆ ಪಠ್ಯವಿದೆ, ತರಗತಿಯಿದೆ, ಮೇಷ್ಟ್ರಿದ್ದಾರೆ. ಕೂಡಿ ದುಡಿಯುವುದು ಮಾತ್ರ ತಾನಾಗಿ ಬರುತ್ತದೆ ಎಂಬ ನಂಬಿಕೆಯ ಮೇಲೆ ನಡೆಯುತ್ತದೆ. ಈ ನಂಬಿಕೆ ಎಷ್ಟು ಸಡಿಲ ಎಂಬುದನ್ನು ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ತೋರಿಸಿಕೊಡುತ್ತದೆ. ಬ್ಯಾಚಿನಲ್ಲಿ ಸಾಮಾನ್ಯವಾಗಿ ನಾಲ್ವರು. ರಿಪೋರ್ಟಿನ ಮೊದಲ ಪುಟದಲ್ಲಿ ನಾಲ್ಕು ಹೆಸರು, ನಾಲ್ಕು ನೋಂದಣಿ ಸಂಖ್ಯೆ. ಸರ್ಕ್ಯೂಟ್ ಕೂಡಿಸಿದವರು ಒಬ್ಬರು, ರಿಪೋರ್ಟ್ ಟೈಪ್ ಮಾಡಿದವರು ಇನ್ನೊಬ್ಬರು, ಮಿಕ್ಕ ಇಬ್ಬರು ಬೈಂಡಿಂಗ್‌ಗೆ ದುಡ್ಡು ಹಾಕಿದವರು. ವೈವಾದಲ್ಲಿ ಪ್ರಶ್ನೆ ಬಂದಾಗ ಮೂರು ಜೋಡಿ ಕಣ್ಣು ಒಬ್ಬರ ಕಡೆಗೇ ತಿರುಗುತ್ತವೆ. ಇಂಥ ಬ್ಯಾಚು ಗುಂಪು ಹೌದು, ತಂಡ ಅಲ್ಲ. ಅದರಿಂದ ಹೊಸದೇನಾದರೂ ಹುಟ್ಟುವುದೂ ಅಪರೂಪ.

ಹೊಸತನದ ಮೂರು ಹಂತ

ಹೊಸತನ ಎಂದೊಡನೆ ಮಿಂಚಿನಂತೆ ಹೊಳೆಯುವ ಒಂದು ಉಪಾಯ ಮನಸ್ಸಿಗೆ ಬರುತ್ತದೆ. ಈ ವಿಷಯವನ್ನು ಅಧ್ಯಯನ ಮಾಡಿದವರು ಅದನ್ನು ಒಂದು ನಡವಳಿಕೆಯಾಗಿ ನೋಡುತ್ತಾರೆ. ಅಮೆರಿಕದ ಸುಸಾನ್ ಸ್ಕಾಟ್ ಮತ್ತು ರೆಜಿನಾಲ್ಡ್ ಬ್ರೂಸ್ 1994ರಲ್ಲಿ, ನೆದರ್ಲೆಂಡ್ಸಿನ ಓನೆ ಯಾನ್ಸೆನ್ 2000ದಲ್ಲಿ ಪ್ರಕಟಿಸಿದ ಅಧ್ಯಯನಗಳು ಇದನ್ನು ಹಂತಗಳಾಗಿ ಬಿಡಿಸಿದವು. ಮೊದಲು ಉಪಾಯ ಹುಟ್ಟಬೇಕು. ಅನಂತರ ಅದಕ್ಕೆ ಬೆಂಬಲ ಕೂಡಿಬರಬೇಕು, ಅಂದರೆ ಜೊತೆಗಾರರು, ಗೈಡ್, ಹಣ ಕೊಡುವವರು, ಬಳಸುವವರು ಅದನ್ನು ಒಪ್ಪಬೇಕು. ಕೊನೆಗೆ ಅದು ಕೆಲಸ ಮಾಡುವ ರೂಪಕ್ಕೆ ಬರಬೇಕು.

ಮೊದಲ ಹಂತವನ್ನು ಒಬ್ಬರೇ ದಾಟಬಹುದು. ಉಳಿದೆರಡು ಹಂತಗಳಿಗೆ ನಾಲ್ಕು ಜನ ಬೇಕೇ ಬೇಕು. ತಂಡದ ಕೌಶಲವೂ ಹೊಸತನವೂ ಒಂದಕ್ಕೊಂದು ಬೆಸೆದುಕೊಳ್ಳುವುದು ಇಲ್ಲಿಯೇ. ಹೇಳುವುದನ್ನು ತಿಳಿಯಾಗಿ ಹೇಳುವುದು, ಕೇಳಿಸಿಕೊಳ್ಳುವುದು, ಕೆಲಸ ಹಂಚಿಕೊಳ್ಳುವುದು, ಒಪ್ಪಿದ ದಿನಕ್ಕೆ ಮುಗಿಸುವುದು, ಜಗಳವನ್ನು ಕೆಲಸದ ಮಟ್ಟಿಗೆ ಇಟ್ಟುಕೊಳ್ಳುವುದು, ತಪ್ಪನ್ನು ಬೇಗ ಬಾಯಿಬಿಟ್ಟು ಹೇಳುವುದು: ತಂಡದ ಕೌಶಲ ಎಂದರೆ ಇವು. ಒಂದು ಒಳ್ಳೆಯ ಉಪಾಯ ನೋಟ್‌ಬುಕ್ಕಿನಲ್ಲೇ ಸತ್ತರೆ ಅದಕ್ಕೆ ಬುದ್ಧಿಯ ಕೊರತೆಗಿಂತ ಇವುಗಳ ಕೊರತೆಯೇ ಹೆಚ್ಚಾಗಿ ಕಾರಣ.

ಹಗ್ಗ ಎಳೆದವರ ಲೆಕ್ಕ

ಜನ ಹೆಚ್ಚಿದಂತೆ ಕೆಲಸವೂ ಅಷ್ಟೇ ಹೆಚ್ಚುವುದಿಲ್ಲ ಎಂಬುದನ್ನು ಮೊದಲು ಅಳೆದು ತೋರಿಸಿದವರು ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್. 1880ರ ದಶಕದಲ್ಲಿ ಅವರು ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದರು. ಫಲಿತಾಂಶ 1913ರಲ್ಲಿ ಪ್ರಕಟವಾಯಿತು. ಒಬ್ಬನೇ ಎಳೆದಾಗಿನ ಬಲವನ್ನು 100 ಎಂದುಕೊಂಡರೆ, ಎಂಟು ಜನ ಒಟ್ಟಾಗಿ ಎಳೆಯುವಾಗ ತಲಾ ಬಲ ಸುಮಾರು 50ಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯಲಾಗದಿರುವುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಮನಸ್ಸಿನದು. 1979ರಲ್ಲಿ ಬಿಬ್ ಲಟಾನೆ ಮತ್ತು ಸಂಗಡಿಗರು ಅಮೆರಿಕದಲ್ಲಿ ಕಾಲೇಜು ವಿದ್ಯಾರ್ಥಿಗಳಿಂದಲೇ ಚಪ್ಪಾಳೆ ತಟ್ಟಿಸಿ, ಕೂಗು ಹಾಕಿಸಿ ಪರೀಕ್ಷಿಸಿದರು. ತನ್ನ ಪಾಲು ಎಷ್ಟೆಂದು ಯಾರಿಗೂ ತಿಳಿಯದ ಕಡೆ ಮನುಷ್ಯ ಕೈ ಸಡಿಲಿಸುತ್ತಾನೆ ಎಂಬುದು ಖಚಿತವಾಯಿತು.

ಪ್ರಾಜೆಕ್ಟ್ ಬ್ಯಾಚಿನ ಮೈಗಳ್ಳತನಕ್ಕೂ ಇದೇ ವಿವರಣೆ ಹೊಂದುತ್ತದೆ. ಅಂಕ ನಾಲ್ವರಿಗೂ ಒಂದೇ, ಯಾರ ಪಾಲು ಯಾವುದು ಎಂಬ ದಾಖಲೆ ಇಲ್ಲ. ಕೆಲಸ ಮಾಡದವರು ಕೆಟ್ಟವರೆಂದು ಬೈಯುವುದಕ್ಕಿಂತ ಏರ್ಪಾಟನ್ನು ತಿದ್ದುವುದು ಹೆಚ್ಚು ಫಲ ಕೊಡುತ್ತದೆ. ಮಂಡ್ಯ ಸೀಮೆಯ ಆಲೆಮನೆಯಲ್ಲಿ ಈ ಏರ್ಪಾಟು ಕಣ್ಣಿಗೆ ಕಾಣುವಂತಿದೆ. ಒಬ್ಬ ಗಾಣಕ್ಕೆ ಕಬ್ಬು ಕೊಡುತ್ತಾನೆ, ಒಬ್ಬ ಒಲೆಗೆ ಒಣಸಿಪ್ಪೆ ತಳ್ಳುತ್ತಾನೆ, ಇನ್ನೊಬ್ಬ ಕೊಪ್ಪರಿಗೆಯ ಪಾಕದ ಹದ ನೋಡುತ್ತಾನೆ, ಮತ್ತೊಬ್ಬ ಅಚ್ಚಿಗೆ ಸುರಿಯುತ್ತಾನೆ. ಉರಿ ತಗ್ಗಿದರೆ ಯಾರ ಕೈ ತಡವಾಯಿತೆಂದು ಎಲ್ಲರಿಗೂ ಆ ಕ್ಷಣವೇ ಗೊತ್ತಾಗುತ್ತದೆ. ಪಾಲು ಬೇರೆ ಬೇರೆ, ಬೆಲ್ಲ ಒಂದೇ. ಪ್ರಾಜೆಕ್ಟಿನಲ್ಲೂ ಪಾಲು ಕಾಣುವಂತಿದ್ದರೆ ಕೈ ಸಡಿಲವಾಗುವುದು ಕಡಿಮೆ.

ಮೊದಲು ಒಂಟಿಯಾಗಿ, ಆಮೇಲೆ ಕೂಡಿ

ಹೊಸ ಉಪಾಯ ಬೇಕೆಂದಾಗ ಎಲ್ಲರನ್ನೂ ಸುತ್ತ ಕೂರಿಸಿ, ತೋಚಿದ್ದನ್ನು ಹೇಳಿ ಎನ್ನುವುದು ವಾಡಿಕೆ. ಈ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಜಾಹೀರಾತು ರಂಗದ ಅಲೆಕ್ಸ್ ಆಸ್ಬರ್ನ್. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗ ಬೇರೆಯೇ ಕತೆ ಹೇಳಿತು. ಒಟ್ಟಿಗೆ ಕೂತು ಮಾತಾಡಿದ ನಾಲ್ವರಿಗಿಂತ, ಬೇರೆ ಬೇರೆ ಕೂತು ಯೋಚಿಸಿದ ನಾಲ್ವರ ಪಟ್ಟಿಗಳನ್ನು ಕೂಡಿಸಿದಾಗ ಹೆಚ್ಚು ಉಪಾಯಗಳು ಸಿಕ್ಕವು. ಜರ್ಮನಿಯ ಮಿಖಾಯೆಲ್ ಡೀಲ್ ಮತ್ತು ವೋಲ್ಫ್‌ಗಾಂಗ್ ಸ್ಟ್ರೋಬೆ 1987ರಲ್ಲಿ ಇದರ ಮುಖ್ಯ ಕಾರಣವನ್ನು ಗುರುತಿಸಿದರು. ಒಬ್ಬರು ಮಾತಾಡುವಾಗ ಉಳಿದವರು ಸರದಿ ಕಾಯಬೇಕು. ಕಾಯುವಷ್ಟರಲ್ಲಿ ತೋಚಿದ್ದು ಮರೆತುಹೋಗುತ್ತದೆ, ಇಲ್ಲವೇ ಹೇಳಲು ಸಂಕೋಚವಾಗುತ್ತದೆ.

ಹಾಗೆಂದು ಕೂಡಿ ಕೂರುವುದೇ ಬೇಡವೆಂದಲ್ಲ. ಉಪಾಯ ಹುಟ್ಟಿಸಲು ಹತ್ತು ನಿಮಿಷ ಮೌನವಾಗಿ ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯುವುದು, ಆಮೇಲೆ ಚೀಟಿಗಳನ್ನು ಒಟ್ಟು ಮಾಡಿ ಆರಿಸುವುದು, ತಿದ್ದುವುದು, ಒಂದಕ್ಕೊಂದು ಬೆಸೆಯುವುದು ಒಳ್ಳೆಯ ಕ್ರಮ. ಆರಿಸುವ, ತಿದ್ದುವ ಕೆಲಸದಲ್ಲಿ ಹಲವು ತಲೆಗಳ ಲಾಭ ನಿಜವಾಗಿಯೂ ಸಿಗುತ್ತದೆ.

ಬಾಯಿ ಬಿಡುವ ಧೈರ್ಯ

ಯಾವ ತಂಡ ಜಾಣ ತಂಡ ಎಂಬ ಪ್ರಶ್ನೆಯನ್ನು ಅನಿತಾ ವೂಲಿ ಮತ್ತು ಸಂಗಡಿಗರು 2010ರಲ್ಲಿ ಪರೀಕ್ಷಿಸಿದರು. 699 ಜನರನ್ನು ಎರಡರಿಂದ ಐದು ಮಂದಿಯ ಗುಂಪುಗಳಾಗಿ ಮಾಡಿ ಬಗೆಬಗೆಯ ಕೆಲಸ ಕೊಟ್ಟರು. ಗುಂಪಿನ ಸಾಧನೆಗೂ ಸದಸ್ಯರ ಬುದ್ಧಿಮತ್ತೆಯ ಸರಾಸರಿಗೂ ಇದ್ದ ನಂಟು ತೆಳುವಾಗಿತ್ತು. ಎಲ್ಲರಿಗೂ ಸರಿಸಮವಾಗಿ ಮಾತಿನ ಸರದಿ ಸಿಕ್ಕ ಗುಂಪುಗಳು, ಎದುರಿನವರ ಮುಖ ನೋಡಿ ಮನಸ್ಸು ಅರಿಯಬಲ್ಲವರಿದ್ದ ಗುಂಪುಗಳು ಮುಂದಿದ್ದವು. ಹೆಣ್ಣುಮಕ್ಕಳು ಹೆಚ್ಚಿದ್ದ ಗುಂಪುಗಳೂ ಚೆನ್ನಾಗಿ ಮಾಡಿದವು. ಮನಸ್ಸು ಅರಿಯುವ ಪರೀಕ್ಷೆಯಲ್ಲಿ ಅವರು ಮುಂದಿದ್ದುದೇ ಇದಕ್ಕೆ ಬಹುಪಾಲು ಕಾರಣ ಎಂದು ಸಂಶೋಧಕರು ವಿವರಿಸಿದರು. ಇದಕ್ಕೂ ಮೊದಲು, 1999ರಲ್ಲಿ, ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ ಒಂದು ಕಂಪನಿಯ 51 ತಂಡಗಳನ್ನು ನೋಡಿದ್ದರು. ತಪ್ಪು ಹೇಳಿಕೊಂಡರೆ, ಪೆದ್ದು ಪ್ರಶ್ನೆ ಕೇಳಿದರೆ ಅವಮಾನವಾಗದು ಎಂಬ ಭರವಸೆ ಇದ್ದ ತಂಡಗಳು ಹೆಚ್ಚು ಕಲಿಯುತ್ತಿದ್ದವು.

ಕರ್ನಾಟಕದ ಕಾಲೇಜುಗಳಲ್ಲಿ ಬಾಯಿ ಬಿಡುವ ಈ ಧೈರ್ಯ ಭಾಷೆಯ ಜೊತೆ ತಳುಕು ಹಾಕಿಕೊಂಡಿದೆ. ಮಂಡ್ಯ ಜಿಲ್ಲೆಯ ಮಳವಳ್ಳಿ, ಮದ್ದೂರಿನ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷಿನಲ್ಲಿ ನಡೆಯುವ ಚರ್ಚೆಯಲ್ಲಿ ಬಾಯಿ ಬಿಡಲು ಹಿಂಜರಿಯುತ್ತಾರೆ. ನೀರಾವರಿ, ದನಕರು, ಕಬ್ಬಿನ ಸಾಗಣೆ, ಆನೆ ಹಾವಳಿಯಂಥ ಸಮಸ್ಯೆಗಳನ್ನು ಮನೆಯಂಗಳದಿಂದಲೇ ಬಲ್ಲವರು ಅವರು. ಅವರು ಸುಮ್ಮನೆ ಕೂತರೆ ತಂಡ ಕಳೆದುಕೊಳ್ಳುವುದು ಆ ಅರಿವನ್ನು. ಚರ್ಚೆ ಕನ್ನಡದಲ್ಲಿ ನಡೆಯಲಿ, ರಿಪೋರ್ಟ್ ಬೇಕಾದರೆ ಇಂಗ್ಲಿಷಿನಲ್ಲಿರಲಿ ಎಂದು ಗೈಡ್ ಒಂದು ಮಾತು ಹೇಳಿದರೆ ಸಾಕು, ಎಷ್ಟೋ ಬ್ಯಾಚುಗಳಲ್ಲಿ ಮಾತು ಬಿಚ್ಚಿಕೊಳ್ಳುತ್ತದೆ. ಇನ್ನೊಂದು ವಾಡಿಕೆಯನ್ನೂ ಮುರಿಯಬೇಕು. ಯಂತ್ರದ ಕೆಲಸ ಹುಡುಗರಿಗೆ, ರಿಪೋರ್ಟು ಮತ್ತು ಪಿಪಿಟಿ ಹುಡುಗಿಯರಿಗೆ ಎಂಬ ಹಂಚಿಕೆಯಲ್ಲಿ ಇಬ್ಬರ ಕಲಿಕೆಯೂ ಅರ್ಧಕ್ಕೆ ನಿಲ್ಲುತ್ತದೆ.

ಒಂದು ಕಿಲೋಗ್ರಾಂಗಿಂತಲೂ ಕಡಿಮೆ ತೂಕದ ಉಪಗ್ರಹ

ವಿದ್ಯಾರ್ಥಿ ತಂಡವೊಂದು ಉಪಾಯದಿಂದ ಕೊನೆಯ ಹಂತದವರೆಗೆ ಸಾಗಿದ್ದಕ್ಕೆ ಕರ್ನಾಟಕದಲ್ಲಿ ಒಳ್ಳೆಯ ಉದಾಹರಣೆ ಸ್ಟುಡ್‌ಸ್ಯಾಟ್. 2007ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನಲ್ಲಿ ಅಂತರರಾಷ್ಟ್ರೀಯ ಗಗನಯಾನ ಸಮ್ಮೇಳನ ನಡೆಯಿತು. ಹೊರದೇಶದ ಕಾಲೇಜು ಹುಡುಗರು ಪುಟ್ಟ ಉಪಗ್ರಹಗಳನ್ನು ಕಟ್ಟುತ್ತಿದ್ದ ಕಾಲ ಅದು. ಸಮ್ಮೇಳನಕ್ಕೆ ಹೋಗಿದ್ದ ಬೆಂಗಳೂರು, ಹೈದರಾಬಾದಿನ ಕೆಲವು ವಿದ್ಯಾರ್ಥಿಗಳು ನಾವೇಕೆ ಮಾಡಬಾರದು ಎಂದುಕೊಂಡರು. ಮುಂದೆ ಎರಡೂ ನಗರಗಳ ಏಳು ಎಂಜಿನಿಯರಿಂಗ್ ಕಾಲೇಜುಗಳು ಕೈಜೋಡಿಸಿದವು. ಬೆಂಗಳೂರಿನ ನಿಟ್ಟೆ ಮೀನಾಕ್ಷಿ ತಾಂತ್ರಿಕ ಸಂಸ್ಥೆ ಮುಂದಾಳತ್ವ ವಹಿಸಿತು, ಇಸ್ರೋ ವಿಜ್ಞಾನಿಗಳು ಮಾರ್ಗದರ್ಶನ ಮಾಡಿದರು. 2010ರ ಜುಲೈ 12ರಂದು ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ-ಸಿ15 ರಾಕೆಟ್ ಕಾರ್ಟೊಸ್ಯಾಟ್-2ಬಿ ಮೊದಲಾದ ಉಪಗ್ರಹಗಳ ಜೊತೆ ಸ್ಟುಡ್‌ಸ್ಯಾಟನ್ನೂ ಕಕ್ಷೆಗೆ ಸೇರಿಸಿತು. ಅದರ ತೂಕ ಒಂದು ಕಿಲೋಗ್ರಾಂಗಿಂತ ಕಡಿಮೆ; ಅಳತೆ 10, 10 ಮತ್ತು 13.5 ಸೆಂಟಿಮೀಟರ್.

ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ತಂಡದ ಕೆಲಸ ಏಕೆ ಕಷ್ಟ ಎಂಬುದನ್ನು ನೋಡಿದರೆ ವಿಷಯ ತಿಳಿಯುತ್ತದೆ. ಸೌರಕೋಶ ಅಂಟಿಸಲು ಇರುವುದು ಅಂಗೈಯಗಲದ ಮುಖಗಳು. ಅವು ಕೊಡುವ ವಿದ್ಯುತ್ತು ಅಲ್ಪ. ಕ್ಯಾಮೆರಾ ತಂಡ ಸ್ವಲ್ಪ ಹೆಚ್ಚು ವಿದ್ಯುತ್ತು ಕೇಳಿದರೆ ರೇಡಿಯೊ ತಂಡಕ್ಕೆ ಕೊರತೆ. ರೇಡಿಯೊ ಸಂಕೇತದ ಬಲ ಹೆಚ್ಚಿಸಿದರೆ ಬ್ಯಾಟರಿ ದೊಡ್ಡದಾಗಬೇಕು, ಆಗ ತೂಕ ಏರುತ್ತದೆ. ತೂಕ ಏರಿದರೆ ಚೌಕಟ್ಟಿನ ವಿನ್ಯಾಸ ಮಾಡಿದವರು ಮತ್ತೆ ಮೊದಲಿನಿಂದ ಲೆಕ್ಕ ಹಾಕಬೇಕು. ಯಾರೂ ತಮ್ಮ ಪಾಲನ್ನು ತಮ್ಮಷ್ಟಕ್ಕೆ ಮುಗಿಸಿ ಕೂರುವಂತಿಲ್ಲ. ಒಬ್ಬರು ಬದಲಾಯಿಸಿದ್ದನ್ನು ಬರೆದಿಡದಿದ್ದರೆ ಜೋಡಿಸುವ ದಿನ ತಂತಿಗಳು ಹೊಂದುವುದಿಲ್ಲ. ಕಾಲೇಜುಗಳ ನಡುವೆ ನೂರಾರು ಕಿಲೋಮೀಟರ್ ಅಂತರವಿದ್ದಾಗ ಬರವಣಿಗೆಯ ಶಿಸ್ತೇ ತಂಡವನ್ನು ಹಿಡಿದಿಡುವುದು.

ಉಪಾಯ ಹುಟ್ಟಿದ ದಿನದಿಂದ ಉಡಾವಣೆಯವರೆಗೆ ಸುಮಾರು ಮೂರು ವರ್ಷ. ಪದವಿಯ ಅವಧಿ ನಾಲ್ಕು ವರ್ಷ. ಹಿರಿಯರು ಹೊರಹೋಗುತ್ತಿದ್ದಂತೆ ಕಿರಿಯರು ಬಂದು ಕೆಲಸ ಹಿಡಿದುಕೊಳ್ಳದಿದ್ದರೆ ಇಂಥದ್ದು ಪೂರ್ತಿಯಾಗುವುದೇ ಇಲ್ಲ. 2016ರ ಸೆಪ್ಟೆಂಬರ್ 26ರಂದು ಪಿಎಸ್‌ಎಲ್‌ವಿ-ಸಿ35ರಲ್ಲಿ ಹಾರಿದ, ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ 5.25 ಕಿಲೋಗ್ರಾಂ ತೂಕದ ವಿದ್ಯಾರ್ಥಿ ಉಪಗ್ರಹ ಪೈಸ್ಯಾಟ್ ಕೂಡ ಇದೇ ಹಾದಿಯಲ್ಲಿ ಬಂದದ್ದು.

ರಂಗೋಲಿಯಲ್ಲಿ ಊರಿನ ನಕ್ಷೆ

ಹೊಸತನಕ್ಕೆ ಉಪಗ್ರಹವೇ ಬೇಕಿಲ್ಲ. ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜಿನಲ್ಲಿ ಬಿ.ಎಸ್ಸಿ. ಕೃಷಿ ಓದುವವರು ಕೊನೆಯ ವರ್ಷ ತಂಡಗಳಾಗಿ ಹಳ್ಳಿಗಳಲ್ಲಿ ಉಳಿಯುತ್ತಾರೆ. ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಇದಕ್ಕೆ ಹೆಸರು. ದೇಶದ ಕೃಷಿ ಕಾಲೇಜುಗಳಲ್ಲೆಲ್ಲ ಇರುವ ಈ ಪಾಠಕ್ರಮ 2015ರಿಂದ ‘ಸ್ಟೂಡೆಂಟ್ ರೆಡಿ’ ಎಂಬ ಯೋಜನೆಯ ಭಾಗವಾಗಿದೆ.

ಊರಿಗೆ ಬಂದ ತಂಡ ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಊರಿನ ನಕ್ಷೆಯನ್ನು ದೇವಸ್ಥಾನದ ಮುಂದಿನ ನೆಲದ ಮೇಲೆ ಬಣ್ಣದ ರಂಗೋಲಿ ಪುಡಿಯಲ್ಲಿ ಬರೆಯುವುದು. ಕೆರೆಗೆ, ಕಾಲುವೆಗೆ ಒಂದು ಬಣ್ಣ, ಗದ್ದೆಗೆ ಒಂದು, ಮನೆಗಳಿಗೆ ಇನ್ನೊಂದು. ಬರೆಯುತ್ತಿದ್ದಂತೆ ಊರಿನವರು ಸುತ್ತ ನೆರೆಯುತ್ತಾರೆ. “ಆ ಕಾಲ್ವೆ ಅಲ್ಲಿ ಬರಾಕಿಲ್ಲ ಕನವ್ವ, ಆಲದಮರದ ಈಚೆಗೆ ತಿರುಗಿಸು” ಎಂದು ಯಾರೋ ಹಿರಿಯರು ತಿದ್ದುತ್ತಾರೆ. ಕಾಲುವೆಯ ಕೊನೆಗೆ ನೀರು ಬಾರದ ಗದ್ದೆಗಳ ಮಾತು ಅಲ್ಲಿಂದಲೇ ಎದ್ದುಬರುತ್ತದೆ. ಜನರನ್ನು ಸೇರಿಸಿಕೊಂಡು ಊರನ್ನು ಅರಿಯುವ ಈ ಪದ್ಧತಿಯನ್ನು ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ ಜಗತ್ತಿಗೆಲ್ಲ ಪರಿಚಯಿಸಿದರು. ಭಾರತದಲ್ಲಿ ಅದನ್ನು ಬೆಳೆಸಿದವರಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆ ಮೊದಲ ಸಾಲಿನದು.

1969ರ ಸೆಪ್ಟೆಂಬರ್ 24ರಂದು ಗಾಂಧಿ ಶತಮಾನೋತ್ಸವದ ಸಂದರ್ಭದಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ (ಎನ್ನೆಸ್ಸೆಸ್) ಏಳು ದಿನದ ವಿಶೇಷ ಶಿಬಿರವೂ ಇಂಥದೇ ಅವಕಾಶ. ಅಡುಗೆ, ನೀರು, ಶ್ರಮದಾನ, ಸಂಜೆಯ ಕಾರ್ಯಕ್ರಮ ಎಲ್ಲವನ್ನೂ ವಿದ್ಯಾರ್ಥಿಗಳೇ ಸರದಿಯ ಮೇಲೆ ನಡೆಸುವುದರಿಂದ ಕೆಲಸ ಹಂಚುವ ಪಾಠ ಅಲ್ಲಿ ಆಗುತ್ತದೆ. ಆದರೆ ಚರಂಡಿ ತೆಗೆದು ಫೋಟೊ ಹಿಡಿದು ಬರುವಷ್ಟಕ್ಕೇ ಶಿಬಿರ ನಿಂತರೆ ಹೊಸತನದ ಬಾಗಿಲು ತೆರೆಯುವುದಿಲ್ಲ. ಚರಂಡಿ ಏಕೆ ಕಟ್ಟಿಕೊಂಡಿತು ಎಂದು ಕೇಳಿದವರಿಗೆ ಮಾತ್ರ ಮುಂದಿನ ಹೆಜ್ಜೆ ಸಿಗುತ್ತದೆ.

ಮುತ್ತತ್ತಿಯನ್ನು ಪ್ರಾಜೆಕ್ಟಾಗಿ ನೋಡಿದರೆ

ಸಮಸ್ಯೆಯ ಬೇರಿಗೆ ಹೋಗುವುದೆಂದರೆ ಏನೆಂಬುದಕ್ಕೆ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಒಳ್ಳೆಯ ಕ್ಷೇತ್ರ. ಹಲಗೂರಿನಿಂದ ಕಾಡಿನ ದಾರಿಯಲ್ಲಿ ಹೋದರೆ ಸಿಗುವ ಕಾವೇರಿ ದಂಡೆಯ ಊರು ಅದು. ಸುತ್ತ ಕಾವೇರಿ ವನ್ಯಜೀವಿಧಾಮ, ನಡುವೆ ಮುತ್ತತ್ತಿರಾಯನೆಂದು ಜನ ಕರೆಯುವ ಆಂಜನೇಯನ ಗುಡಿ. ಹರಕೆ ತೀರಿಸಿ ನದಿ ದಂಡೆಯಲ್ಲೇ ಅಡುಗೆ ಮಾಡಿ ಉಣ್ಣುವವರು ಹಿಂದಿನಿಂದಲೂ ಬರುತ್ತಾರೆ. ವಾರದ ಕೊನೆಗೆ ಬೆಂಗಳೂರಿನ ಪ್ರವಾಸಿಗರೂ ಸೇರಿಕೊಳ್ಳುತ್ತಾರೆ. ಪ್ಲಾಸ್ಟಿಕ್ ಮತ್ತು ಗಾಜಿನ ಬಾಟಲಿಗಳು ದಂಡೆಯಲ್ಲಿ ಉಳಿಯುತ್ತವೆ. ಸುಳಿ ಅರಿಯದೆ ನೀರಿಗಿಳಿದವರು ಮುಳುಗಿ ಸಾಯುವ ಸುದ್ದಿ ಮತ್ತೆ ಮತ್ತೆ ಬರುತ್ತದೆ.

ಮಂಡ್ಯದಲ್ಲಿ 1962ರಿಂದ ನಡೆಯುತ್ತಿರುವ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು, ಮಳವಳ್ಳಿ, ಮದ್ದೂರು, ಭಾರತೀನಗರಗಳ ಪದವಿ ಕಾಲೇಜುಗಳು ಎಲ್ಲಕ್ಕೂ ಈ ಜಾಗ ದೂರವಲ್ಲ. ಬಾಟಲಿಯ ಸಮಸ್ಯೆಯನ್ನು ಯಾವುದಾದರೂ ಬ್ಯಾಚು ಎತ್ತಿಕೊಂಡಿತು ಎಂದುಕೊಳ್ಳೋಣ. ಅವಸರದ ಬ್ಯಾಚು ಮೊದಲ ದಿನವೇ ಆ್ಯಪ್ ಎನ್ನುತ್ತದೆ, ಇಲ್ಲವೇ ತುಂಬಿದೊಡನೆ ಸಂದೇಶ ಕಳಿಸುವ ಕಸದ ಡಬ್ಬಿ ಎನ್ನುತ್ತದೆ. ತಾಳ್ಮೆಯ ತಂಡ ಒಂದು ಭಾನುವಾರ ದಂಡೆಯಲ್ಲಿ ಕೂತು ನೋಡುತ್ತದೆ. ಬಾಟಲಿ ಎಲ್ಲಿಂದ ಬರುತ್ತದೆ, ಊರಿನ ಅಂಗಡಿಯಿಂದಲೋ ಕಾರಿನ ಡಿಕ್ಕಿಯಿಂದಲೋ? ಡಬ್ಬಿ ಇಟ್ಟರೆ ಕೋತಿಗಳು ಉರುಳಿಸದೆ ಬಿಟ್ಟಾವೇ? ತುಂಬಿದ ಕಸವನ್ನು ಕಾಡಿನಿಂದ ಆಚೆ ಒಯ್ಯುವವರು ಯಾರು? ಅರಣ್ಯ ಇಲಾಖೆಯ ಅನುಮತಿ ಯಾವುದಕ್ಕೆ ಬೇಕು, ಪಂಚಾಯಿತಿಯ ಹೊಣೆ ಎಲ್ಲಿಯವರೆಗೆ?

ಈ ಪ್ರಶ್ನೆಗಳಿಗೆ ಎಲೆಕ್ಟ್ರಾನಿಕ್ಸ್ ಓದಿದವರಷ್ಟೇ ಸಾಲದು. ಅಂಗಡಿಯವರ ಲಾಭ ನಷ್ಟ ಲೆಕ್ಕ ಹಾಕಲು ವಾಣಿಜ್ಯ ಓದಿದವರು, ಭಕ್ತರೊಂದಿಗೆ ಮಾತಿಗೆ ಕೂರಲು ಸಮಾಜಕಾರ್ಯದವರು, ವನ್ಯಜೀವಿಗಳ ವಿಚಾರಕ್ಕೆ ಪ್ರಾಣಿಶಾಸ್ತ್ರದವರು, ಎಲ್ಲಕ್ಕಿಂತ ಹೆಚ್ಚಾಗಿ ಹಲಗೂರು ಕಡೆಯ ಒಬ್ಬ ವಿದ್ಯಾರ್ಥಿ ಬೇಕು. ಬೇರೆ ಊರಿನ ಅನುಭವವನ್ನು ತಂದು ಹೊಂದಿಸುವುದೂ ಹೊಸತನವೇ. ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದುಕೊಟ್ಟಾಗ ಹಿಂದಿರುಗಿಸುವ ಪದ್ಧತಿ ಬಂತು. ಅಂಥದ್ದು ಮುತ್ತತ್ತಿಗೆ ಹೊಂದೀತೇ, ಹಣ ಪಡೆಯುವುದು ಎಲ್ಲಿ, ಹಿಂದಿರುಗಿಸುವುದು ಎಲ್ಲಿ ಎಂದು ತಂಡ ಚರ್ಚಿಸಬಹುದು. ಒಂದು ಅಂಗಡಿ, ಒಂದು ಭಾನುವಾರ ಎಂದು ಸಣ್ಣದಾಗಿ ಪರೀಕ್ಷಿಸಿ, ಎಷ್ಟು ಬಾಟಲಿ ಮರಳಿತೆಂದು ಎಣಿಸಿ, ಸೋತರೆ ಏಕೆ ಸೋತಿತೆಂದು ಬರೆಯಬಹುದು. ಮೂರೂ ಹಂತಗಳು ಇಲ್ಲಿ ಕಣ್ಣೆದುರು ನಡೆಯುತ್ತವೆ. ಅಂಗಡಿಯವರನ್ನು ಒಪ್ಪಿಸುವ ಎರಡನೆಯ ಹಂತ ಸರ್ಕ್ಯೂಟ್ ಕೂಡಿಸುವುದಕ್ಕಿಂತ ಕಷ್ಟ ಎಂಬುದೂ ಗೊತ್ತಾಗುತ್ತದೆ.

ಕಾಲೇಜು ಮಾಡಬಹುದಾದದ್ದು

ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಬೆಂಬಲ ಕೊಡುವ ವ್ಯವಸ್ಥೆ ಕರ್ನಾಟಕಕ್ಕೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1975ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದಲೂ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ ನಡೆಸುತ್ತಿದೆ. ಆಯ್ಕೆಯಾದ ಪ್ರಾಜೆಕ್ಟುಗಳಿಗೆ ಧನಸಹಾಯ ಸಿಗುತ್ತದೆ, ಉತ್ತಮವಾದವು ರಾಜ್ಯಮಟ್ಟದ ಪ್ರದರ್ಶನಕ್ಕೆ ಹೋಗುತ್ತವೆ. 2017ರಲ್ಲಿ ಶುರುವಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಆರು ಜನರ ತಂಡವಿರಬೇಕು, ಅದರಲ್ಲಿ ಒಬ್ಬಳಾದರೂ ವಿದ್ಯಾರ್ಥಿನಿ ಇರಲೇಬೇಕು. ಅದರ ಸಾಫ್ಟ್‌ವೇರ್ ವಿಭಾಗದ ಅಂತಿಮ ಸುತ್ತು 36 ತಾಸು ಎಡೆಬಿಡದೆ ನಡೆಯುತ್ತದೆ. ಇಂಥ ಸ್ಪರ್ಧೆಗಳು ಹುರುಪು ತುಂಬುತ್ತವೆ, ಬೇಗ ನಿರ್ಧರಿಸುವುದನ್ನು ಕಲಿಸುತ್ತವೆ. ಬಳಸುವವರ ನಡುವೆ ತಿಂಗಳುಗಟ್ಟಲೆ ಇದ್ದು ತಿದ್ದಿಕೊಳ್ಳುವ ಕಲಿಕೆಯನ್ನು ಮಾತ್ರ ಅವು ಕೊಡಲಾರವು.

ಉಳಿದದ್ದು ಕಾಲೇಜಿನ ಒಳಗಿನ ಏರ್ಪಾಟು. ತಂಡ ನಾಲ್ಕರಿಂದ ಆರು ಜನರದ್ದಾಗಿರಲಿ. ಒಂದೇ ಹಾಸ್ಟೆಲ್, ಒಂದೇ ಊರು, ಒಂದೇ ಜಾತಿಯ ಗೆಳೆಯರಷ್ಟೇ ಸೇರಿಕೊಳ್ಳದಂತೆ, ಬೇರೆ ಬೇರೆ ವಿಭಾಗದವರು ಕೂಡುವಂತೆ ಗೈಡ್ ನೋಡಿಕೊಳ್ಳಬೇಕು. ಮೊದಲ ವಾರವೇ ಯಾರ ಪಾಲು ಯಾವುದು, ಎಂದು ಸೇರುವುದು, ಭಿನ್ನಾಭಿಪ್ರಾಯ ಬಂದರೆ ತೀರ್ಮಾನ ಹೇಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದರೆ ಎಷ್ಟೋ ಜಗಳ ತಪ್ಪುತ್ತದೆ. ತಪ್ಪದ ಜಗಳಕ್ಕೆ ಹೆದರಬೇಕಾಗಿಲ್ಲ. ತಂಡಗಳು ಮೊದಲು ಪರಿಚಯದ, ಆಮೇಲೆ ಕಲಹದ, ಅನಂತರ ಹೊಂದಾಣಿಕೆಯ ಹಂತ ದಾಟಿಯೇ ಕೆಲಸಕ್ಕೆ ಬರುತ್ತವೆ ಎಂದು ಬ್ರೂಸ್ ಟಕ್‌ಮನ್ 1965ರಲ್ಲೇ ಹೇಳಿದ್ದರು. ಎರಡನೆಯ ಹಂತದಲ್ಲೇ ಬ್ಯಾಚು ಬದಲಿಸಿಕೊಡಿ ಎಂದು ಬರುವವರಿಗೆ ಇದನ್ನು ತಿಳಿಸಿ ಹೇಳುವುದು ಗೈಡ್ ಕೆಲಸ.

ಅಂಕ ಕೊಡುವ ಕ್ರಮವೇ ನಿರ್ಣಾಯಕ. ತಂಡಕ್ಕೆ ಒಂದಷ್ಟು, ಒಬ್ಬೊಬ್ಬರ ದಿನಚರಿ ಪುಸ್ತಕ ಮತ್ತು ವೈವಾಕ್ಕೆ ಒಂದಷ್ಟು, ಜೊತೆಗಾರರು ಗುಟ್ಟಾಗಿ ಪರಸ್ಪರ ಕೊಡುವ ಅಂಕಕ್ಕೆ ಒಂದಷ್ಟು ಎಂದು ಹಂಚಿದರೆ ಪಾಲು ಕಾಣುತ್ತದೆ. ಸೋತ ಪ್ರಯೋಗವನ್ನು ಪ್ರಾಮಾಣಿಕವಾಗಿ ದಾಖಲಿಸಿದ್ದಕ್ಕೂ ಅಂಕ ಇರಬೇಕು. ಇಲ್ಲದಿದ್ದರೆ ವಿದ್ಯಾರ್ಥಿಗಳು ಖಂಡಿತ ಗೆಲ್ಲುವ ಹಳೆಯ ಪ್ರಾಜೆಕ್ಟನ್ನೇ ಅಂಗಡಿಯಿಂದ ಕೊಂಡು ತರುತ್ತಾರೆ. ಒಂದು ಬ್ಯಾಚು ಬಿಟ್ಟ ಕೆಲಸವನ್ನು ಮುಂದಿನ ಬ್ಯಾಚು ಎತ್ತಿಕೊಳ್ಳಲು ಅನುವಾಗುವಂತೆ ದಾಖಲೆ, ಉಪಕರಣ, ಊರಿನವರ ಪರಿಚಯ ಎಲ್ಲವನ್ನೂ ಒಪ್ಪಿಸುವ ಪದ್ಧತಿಯೂ ಬೇಕು. ಈ ಯಾವುದಕ್ಕೂ ಹೊಸ ಕಟ್ಟಡವಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ವಿಭಾಗದ ಒಂದು ಸಭೆಯಲ್ಲಿ ತೀರ್ಮಾನಿಸಿ, ಮುಂದಿನ ಸೆಮಿಸ್ಟರಿನ ಬ್ಯಾಚುಗಳಿಂದಲೇ ಆರಂಭಿಸಬಹುದಾದ ಕೆಲಸಗಳಿವು.